ಬಾಯಿಯಿಲ್ಲದ ಮಾವ

ಇಪ್ಪತ್ತೆರಡು ವರ್ಷದಿಂದ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬರ ಕಾಗದವನ್ನೂ ಓದಿದವನಲ್ಲ. ಕೊಟ್ಟ ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕುತ್ತೇನೆ, ಮುಚ್ಚಳ ಮುಚ್ಚುತ್ತೇನೆ, ಗುಂಡಿ ಒತ್ತುತ್ತೇನೆ. ವಿಚ್ಛೇದನದ ಅರ್ಜಿಯೋ, ಫೇಲಾದ ಮಾರ್ಕ್ಸ್ ಕಾರ್ಡೋ, ಉಯಿಲೋ, ಅದು ಅವರವರ ಹಣೆಬರಹ. ಓದಿಬಿಟ್ಟರೆ ಆಮೇಲೆ ಸಂತೆಯಲ್ಲಿ ಸಿಕ್ಕಾಗ ಅವರ ಮುಖ ನೋಡುವುದು ಕಷ್ಟ. ಇಂಥ ನಿಯತ್ತಿನ ಮನುಷ್ಯನನ್ನು ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೋದ ಶನಿವಾರ ಬೆಳಗ್ಗೆ ಕೆಡಿಸಿಬಿಟ್ಟಳು.

ಹುಡುಗಿ ಬೇರೆ ಯಾರೂ ಅಲ್ಲ. ನನ್ನ ತಂಗಿ ಲತಾಮಣಿಯ ಮಗಳು ಇಂದು. ನಾಲ್ಕನೇ ಕ್ಲಾಸು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ನುಗ್ಗಿ, ಗೆರೆಯಿಲ್ಲದ ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟಳು.

“ಮಾವ, ಇದು ಐದೈದು ಕಾಪಿ ಬೇಕು. ಸ್ಕೂಲಲ್ಲಿ ಎಕ್ಸಿಬಿಷನ್ ಐತೆ.”

“ಏನೇ ಇದು, ಕಾಮಿಕ್ಸಾ?”

“ಕಾಮಿಕ್ಸ್ ಅಲ್ಲ ಮಾವ, ಗ್ರಾಫಿಕ್ ನಾವೆಲ್. ಉದ್ದ ಕಥೆ ಇದ್ರೆ ಹಂಗನ್ನಬೇಕು ಅಂತ ಲೈಬ್ರರಿ ಮಿಸ್ ಹೇಳವ್ರೆ.”

“ಎಷ್ಟು ಪೇಜು?”

“ಮೂವತ್ತೆರಡು. ನೀನು ನೋಡಬಾರದು.”

“ನೋಡದೆ ಹೆಂಗೇ ಹಾಕ್ಲಿ?”

“ಎಲ್ಲಾರ್ದೂ ಹಾಕಲ್ವಾ? ಹಂಗೇ ಹಾಕು,” ಎಂದು ಹೇಳಿ ಓಡಿದಳು. ಅವಳ ಬ್ಯಾಗಿನ ಜಿಪ್ಪು ತೆರೆದೇ ಇತ್ತು. ಕೂಗಿ ಹೇಳುವಷ್ಟರಲ್ಲಿ ಆಟೋ ಸ್ಟ್ಯಾಂಡ್ ದಾಟಿದ್ದಳು.

ನಮ್ಮ ಮನೆಯ ಸಂಗತಿ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಮದುವೆಯಾಗಲಿಲ್ಲ. ಇಂದುವಿಗೆ ಎರಡು ವರ್ಷವಾಗಿದ್ದಾಗ ಲತಾಳ ಗಂಡ ತೀರಿಕೊಂಡ. ಲತಾ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನಾವು ಮೂವರೂ ಅಪ್ಪ ಕಟ್ಟಿಸಿದ ಮನೆಯಲ್ಲೇ ಇದ್ದೇವೆ. ಅವಳು ಮಾಡಿದ್ದನ್ನು ನಾನು ಉಣ್ಣುತ್ತೇನೆ, ನಾನು ತಂದ ತರಕಾರಿಯನ್ನು ಅವಳು ಹೆಚ್ಚುತ್ತಾಳೆ. ಆದರೆ ನಾಲ್ಕು ವರ್ಷದಿಂದ ನಾವಿಬ್ಬರೂ ಮಾತಾಡಿಲ್ಲ. ಹೇಳುವುದೇನಿದ್ದರೂ ನಡುವೆ ಇಂದು. “ಇಂದೂ, ನಿಮ್ಮಮ್ಮಂಗೆ ಹೇಳು, ಗ್ಯಾಸ್ ಮುಗೀತಾ ಬಂದೈತೆ.” “ಇಂದೂ, ನಿಮ್ಮಾವಂಗೆ ಹೇಳು, ನಾಳೆ ನಂಗೆ ನೈಟ್ ಡ್ಯೂಟಿ.” ನಾನು ಹಜಾರದಲ್ಲಿ, ಅವಳು ಅಡುಗೆಮನೆಯಲ್ಲಿ, ಮಧ್ಯೆ ಹತ್ತು ಹೆಜ್ಜೆ. ಹುಡುಗಿ ಸ್ಕೂಲಿಗೆ ಹೋದಾಗ ಮಾತೆಲ್ಲ ಬಾಕಿ ಬೀಳುತ್ತಿತ್ತು. ನಾಲ್ಕು ಗಂಟೆಗೆ ಬಂದವಳು ಶೂಸ್ ಬಿಚ್ಚುವ ಮೊದಲೇ ಇಬ್ಬರೂ ಕರೆಯುತ್ತಿದ್ದೆವು. ಇಂಥ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ನಮ್ಮದೇನೂ ವಿಶೇಷವಲ್ಲ ಅಂತ ನಾನು ಅಂದುಕೊಂಡಿದ್ದೆ.

ಈಗ ಲತಾಳಿಗೆ ಬಿಕ್ಕೋಡಿಗೆ ವರ್ಗವಾಗಿತ್ತು. ಬೇಲೂರು ದಾಟಿ, ಕಾಫಿ ತೋಟಗಳ ಆ ಕಡೆ. ಸೋಮವಾರ ಹೊರಡುವವಳು. “ಸರ್ಕಾರದ ಆರ್ಡರಂತೆ ಮಾವ, ಅಮ್ಮ ಅಳ್ತಿದ್ಲು,” ಅಂತ ಇಂದು ಬಂದು ಹೇಳಿದ್ದಳು. ನನಗೂ ಸಂಕಟವಾಗಿತ್ತು. ಆದರೆ ಏನಂತ ಹೇಳಿ ಕಳಿಸುವುದು? ಹೇಳಿ ಕಳಿಸಿದ್ದು ಮಾತ್ರ ಬೇರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಪುಸ್ತಕ ಬಿಚ್ಚಿ ಮೊದಲ ಹಾಳೆಯನ್ನು ನಿಯತ್ತಾಗಿ ಬೋರಲು ಹಾಕಿದೆ. ಎರಡನೆಯದನ್ನೂ ಹಾಕಿದೆ. ಅಷ್ಟರಲ್ಲಿ ಹಾರನಹಳ್ಳಿಯ ಹೊನ್ನಯ್ಯ ಪಹಣಿ ಹಿಡಿದುಕೊಂಡು ಬಂದ. ತಿಂಗಳಿಗೊಂದು ಸಲ ಬರುವ ಗಿರಾಕಿ, ಬಂದರೆ ಊರಿನ ಸುದ್ದಿಯೆಲ್ಲ ಹೇಳದೆ ಹೋಗುವವನಲ್ಲ. ಯಂತ್ರದ ಟ್ರೇಯಲ್ಲಿ ಬಿದ್ದ ಕಾಪಿಯನ್ನು ಎತ್ತಿ ಹಿಡಿದು ನಗತೊಡಗಿದ.

“ಇದು ನೀವೇ ಅಲ್ವಾ ಸ್ವಾಮಿ?”

ಕಿತ್ತುಕೊಂಡು ನೋಡಿದೆ. ನಾನೇ. ಹೊಟ್ಟೆಯನ್ನು ಗುಡಾಣದಷ್ಟು ಮಾಡಿದ್ದಳು, ಅಷ್ಟೇನೂ ಇಲ್ಲ. ತಲೆಯ ಮೇಲೆ ಎಣಿಸಿ ಏಳು ಕೂದಲು. ಮೀಸೆ ಇತ್ತು. ಮೀಸೆಯ ಕೆಳಗೆ ಏನೂ ಇರಲಿಲ್ಲ. ಮೂಗು, ಮೀಸೆ, ಆಮೇಲೆ ನೇರ ಗದ್ದ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಬಾಯಿಯಿಲ್ಲದ ಮಾವ.

“ಮರ್ತಿರಬೇಕು ಮಗು,” ಎಂದ ಹೊನ್ನಯ್ಯ.

“ಮರೆಯೋಳಲ್ಲ ಅವಳು,” ಎಂದೆ. ಅವನ ಪಹಣಿ ಹಾಕಿಕೊಟ್ಟು ಕಳಿಸಿದೆ. ಶಟರನ್ನು ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಪುಸ್ತಕ ಓದಲು ಶುರುಮಾಡಿದೆ. ಇಪ್ಪತ್ತೆರಡು ವರ್ಷದ ನಿಯತ್ತು ಅಲ್ಲಿಗೆ ಮುಗಿಯಿತು.

ಕಥೆ ಹೀಗೆ. ಒಂದು ಊರಿನಲ್ಲಿ ಒಂದು ಮನೆ. ಆ ಮನೆಯ ಮಾವನಿಗೆ ಬಾಯಿಯಿಲ್ಲ, ಅಮ್ಮನಿಗೆ ಮಾವ ಕೇಳಿಸುವುದಿಲ್ಲ. ಅದು ಶಾಪ. ಅವರ ಮಾತನ್ನು ಹೊತ್ತು ದಾಟಿಸಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ, ಇಂದು. ಅವಳ ಬೆನ್ನ ಮೇಲೊಂದು ಚೀಲ. ಹಜಾರದಿಂದ ಅಡುಗೆಮನೆಗೆ ಹತ್ತು ಹೆಜ್ಜೆ ಅಂದೆನಲ್ಲ, ಅವಳ ಪುಸ್ತಕದಲ್ಲಿ ಅದು ಎರಡು ಪುಟದ ಕಾಡು. ಹುಲಿ ಇದೆ, ಸೇತುವೆ ಇದೆ. ನಮ್ಮ ಫ್ರಿಜ್ಜು ಒಂದು ಬಿಳಿ ಗುಡ್ಡ. ನನ್ನ ಜೆರಾಕ್ಸ್ ಯಂತ್ರ ಹಸಿರು ಕಣ್ಣಿನ ರಾಕ್ಷಸ, ನಾನು ದಿನವೂ ಅದಕ್ಕೆ ಕಾಗದ ತಿನ್ನಿಸುತ್ತೇನೆ, ತಿನ್ನಿಸದಿದ್ದರೆ ಅದು ನನ್ನನ್ನೇ ತಿಂದುಬಿಡುತ್ತದೆ. ಯಂತ್ರದ ವಿಷಯ ಅವಳು ಬರೆದದ್ದರಲ್ಲಿ ತಪ್ಪೇನಿಲ್ಲ.

ಏಳನೇ ಪುಟಕ್ಕೆ ಬಂದಾಗ ಇನ್ನೊಂದು ಗಮನಿಸಿದೆ. ಪ್ರತಿ ಚಿತ್ರದಲ್ಲೂ ಮಾತಿನ ಗುಳ್ಳೆ ಎರಡು. ಎಡಗಡೆ ಹಸಿರು ಇಂಕಿನಲ್ಲಿ ಒಂದು, ಬಲಗಡೆ ಕೆಂಪು ಇಂಕಿನಲ್ಲಿ ಒಂದು. ಮೂಲೆಯಲ್ಲಿ ಚಿಕ್ಕದಾಗಿ ನಿಯಮ ಬರೆದಿದ್ದಳು. ಹಸಿರು ಅಂದರೆ ಚೀಲಕ್ಕೆ ಹಾಕಿದ್ದು. ಕೆಂಪು ಅಂದರೆ ಚೀಲದಿಂದ ತೆಗೆದದ್ದು.

ಹಸಿರಿನಲ್ಲಿ ನಾನು ಹೇಳುತ್ತಿದ್ದೇನೆ: “ಈ ಹುಳಿಗೆ ಉಪ್ಪು ಹಾಕೋದು ಮರ್ತ್ಲಾ ಅಂತ ಕೇಳು.”

ಕೆಂಪಿನಲ್ಲಿ ಇಂದು ಅಮ್ಮನಿಗೆ ಹೇಳುತ್ತಿದ್ದಾಳೆ: “ಮಾವ ಹುಳಿ ಚೆನ್ನಾಗೈತೆ ಅಂದ್ರು. ಒಂಚೂರು ಉಪ್ಪು ಕೊಡ್ಬೇಕಂತೆ.”

ಮುಂದಿನ ಪುಟ. ಹಸಿರಿನಲ್ಲಿ ಲತಾ: “ಕಣ್ಣು ಕಾಣ್ದೋನ ಥರ ಇನ್ನೊಂದು ಲೋಟ ಒಡೆದ. ನೋಡ್ಕೊಂಡು ಓಡಾಡೋಕೆ ಹೇಳು ಆ ಮನುಷ್ಯಂಗೆ.”

ಕೆಂಪಿನಲ್ಲಿ: “ಮಾವ, ಅಮ್ಮಂಗೆ ನಿನ್ನ ಕಣ್ಣಿಂದೇ ಯೋಚ್ನೆ. ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ಬರ್ಬೇಕಂತೆ.”

ಆ ದಿನ ಚೆನ್ನಾಗಿ ನೆನಪಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಲತಾ ನನ್ನನ್ನು ನೋಡಿ ಬೆಪ್ಪಾಗಿ ನಿಂತಿದ್ದಳು. ಆಮೇಲೆ ಮಾತಿಲ್ಲದೆ ಒಂದು ಚೀಟಿ ಬರೆಸಿ ಕೈಗಿಟ್ಟು, ಕಣ್ಣಿನ ಡಾಕ್ಟರ ಕೋಣೆಯನ್ನು ಬೆರಳಲ್ಲಿ ತೋರಿಸಿದ್ದಳು. ಕರೆದವಳು ಹೀಗೆ ಬೆಪ್ಪಾಗುವುದೇಕೆ ಅಂತ ಅವತ್ತು ತಿಳಿದಿರಲಿಲ್ಲ. ಈಗ ಓದುತ್ತಿದ್ದದ್ದೂ ಅದೇ ಕನ್ನಡಕದಲ್ಲಿ.

ಪುಟ ತಿರುಗಿಸಿದಷ್ಟೂ ನನ್ನ ಮಾನ ಹೋಗುತ್ತಿತ್ತು. ಪ್ರತಿ ಗೌರಿ ಹಬ್ಬಕ್ಕೆ ಲತಾ ಹಾಲುಬಾಯಿ ಮಾಡಿ ನನ್ನ ತಟ್ಟೆಗೆ ಎರಡು ತುಂಡು ಹೆಚ್ಚಿಗೆ ಇಡುತ್ತಿದ್ದಳು. ಎಷ್ಟಾದರೂ ಒಡಹುಟ್ಟಿದವಳು ಅಂತ ಒಳಗೊಳಗೇ ಖುಷಿಪಡುತ್ತಿದ್ದೆ. ಪುಸ್ತಕ ನೋಡಿದರೆ, “ಅಮ್ಮಾ, ಮಾವಂಗೆ ಅಜ್ಜಿ ಮಾಡ್ತಿದ್ದ ಹಾಲುಬಾಯಿ ನೆನಪಾಗಿ ಕಣ್ಣಲ್ಲಿ ನೀರು ಬಂತು” ಅಂತ ಕೆಂಪಿನಲ್ಲಿದೆ. ಪಕ್ಕದ ಹಸಿರಿನಲ್ಲಿ ನಾನು ಹೇಳಿದ್ದು ಇಷ್ಟೇ: “ಹಬ್ಬಕ್ಕೆ ಏನಾದ್ರೂ ಮಾಡ್ತಾಳಂತಾ, ಇಲ್ಲಾ ಹೋಟೆಲಿಂದ ತರ್ಲಾ?”

ಹಾಗಾದರೆ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಇದ್ದವರು ಯಾರು? ಹುಳಿ ಹೊಗಳಿದ ಅಣ್ಣನೂ ಇರಲಿಲ್ಲ, ನನ್ನ ಕಣ್ಣಿನ ಯೋಚನೆ ಮಾಡಿದ ತಂಗಿಯೂ ಇರಲಿಲ್ಲ. ಅವರಿಬ್ಬರನ್ನೂ ಈ ಹುಡುಗಿ ಹಜಾರಕ್ಕೂ ಅಡುಗೆಮನೆಗೂ ನಡುವೆ ಹತ್ತು ಹೆಜ್ಜೆಯಲ್ಲಿ ಸೃಷ್ಟಿ ಮಾಡಿ ನಮಗೆ ತೋರಿಸಿದ್ದಳು. ನಾವು ನಂಬಿ ಸಂಸಾರ ಮಾಡಿದ್ದೆವು. ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಕಾಪಿ ತೆಗೆದು ನೋಡಿದರೆ ಅದರಲ್ಲಿ ಹಸಿರೂ ಇಲ್ಲ ಕೆಂಪೂ ಇಲ್ಲ, ಎರಡೂ ಕಪ್ಪು. ನನ್ನ ಯಂತ್ರಕ್ಕೆ ಬಣ್ಣ ಬರುವುದಿಲ್ಲ. ಹಾಳೆಯ ಮೇಲೆ ನಾನು ಉಪ್ಪಿಲ್ಲ ಅಂತ ಬೈದವನೂ ಹೌದು, ಚೆನ್ನಾಗೈತೆ ಅಂತ ಹೊಗಳಿದವನೂ ಹೌದು. ನೋಡಿ ನಗು ಬಂತು.

ಹದಿನೆಂಟನೇ ಪುಟದಿಂದ ಹಳೇಬೀಡು. ಹೋದ ವರ್ಷ ಬೇಸಿಗೆ ರಜದಲ್ಲಿ ಇಂದು ಹಟ ಮಾಡಿದ್ದಕ್ಕೆ ಮೂವರೂ ಜಾವಗಲ್ ಮೇಲೆ ಬಸ್ಸಿನಲ್ಲಿ ಹೋಗಿದ್ದೆವು. ನನಗೆ ನೆನಪಿರುವುದು ಬಿಸಿಲು, ಕಾಲು ಸುಟ್ಟ ಕಲ್ಲುಚಪ್ಪಡಿ, ವಾಪಸ್ ಬಸ್ಸು ತಡವಾದದ್ದು. ಹುಡುಗಿಗೆ ಕಂಡದ್ದೇ ಬೇರೆ. ದೊಡ್ಡ ಗುಡಿಯೊಳಗೆ ಎರಡು ಗರ್ಭಗುಡಿ ಇವೆಯಲ್ಲ, ಅದನ್ನು ಬರೆದು ಕೆಳಗೆ ಹೇಳಿದ್ದಳು: “ಇಲ್ಲಿ ಒಂದೇ ಮನೇಲಿ ಇಬ್ಬರು ದೇವರು ಇದ್ದಾರೆ. ಮಾತಾಡಲ್ಲ. ಅವರಿಗೂ ನಡುವೆ ಓಡಾಡೋಕೆ ಜಾಗ ಇದೆ. ಅಲ್ಲಿ ಓಡಾಡೋರು ಯಾರೂ ಇಲ್ಲ ಪಾಪ.” ಚಿತ್ರದಲ್ಲಿ ಅವಳು ಚೀಲ ಹೊತ್ತು ಆ ಜಾಗದಲ್ಲಿ ನಿಂತಿದ್ದಾಳೆ. ಒಬ್ಬ ದೇವರು ಹಸಿರಿನಲ್ಲಿ “ಬಿಸಿಲು ಜಾಸ್ತಿ” ಅನ್ನುತ್ತಿದ್ದಾನೆ.

ಅಲ್ಲಿಂದ ಪಕ್ಕದ ಬಸ್ತಿಹಳ್ಳಿಗೆ ನಡೆದಿದ್ದೆವು. ಬಸದಿಯ ಕಂಬಗಳು ಅಷ್ಟು ನುಣುಪು, ನಿಂತರೆ ಮುಖ ಕಾಣುತ್ತದೆ. ನಾನು ಕಂಬದ ಈ ಕಡೆ ದೂರದಲ್ಲಿದ್ದೆ, ಲತಾ ಆ ಕಡೆ ದೂರದಲ್ಲಿದ್ದಳು, ಅಷ್ಟು ಮಾತ್ರ ಖಂಡಿತ. ಆದರೆ ಇಂದು ಬರೆದ ಕಂಬದೊಳಗೆ ನಾವಿಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದೇವೆ. ಅವಳು ನಿಂತ ಜಾಗದಿಂದ ಹಾಗೇ ಕಂಡಿರಬೇಕು. “ಕಂಬದ ಒಳಗಡೆ ಇರೋ ಮಾವಂಗೆ ಬಾಯಿ ಇದೆ” ಅಂತ ಬರೆದಿದ್ದಳು. ನಿಜ, ಆ ಒಂದು ಚಿತ್ರದಲ್ಲಿ ಮಾತ್ರ ಮೀಸೆಯ ಕೆಳಗೆ ಒಂದು ಗೆರೆಯಿತ್ತು.

ಇಷ್ಟರ ತನಕ ನಗುತ್ತಾ ಬೈಯುತ್ತಾ ಓದಿದವನು ಇಪ್ಪತ್ತಾರನೇ ಪುಟಕ್ಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಮ್ಮ ಅವ್ವ ಮಹದೇವಮ್ಮ. ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿದ್ದಾರೆ. ಎದುರಿಗೆ ನಾನು. ಲತಾ ನನ್ನ ಅಂಗಿ ಹಿಡಿದುಕೊಂಡು ಕೂಗುತ್ತಿದ್ದಾಳೆ, ಅವಳ ಬಾಯಿಯೇ ಅರ್ಧ ಪುಟ. ಕೆಳಗೆ ಹೀಗಿತ್ತು:

“ಅಜ್ಜಿ ಸತ್ತುಹೋದರು. ಬಾಯಿಗೆ ಬಟ್ಟೆ ಕಟ್ಟಿದರು. ಅಮ್ಮ ಮಾವನಿಗೆ ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಮಾವನಿಗೆ ಹೇಳೋಕೆ ಆಗಲಿಲ್ಲ. ಯಾಕೆಂದರೆ ಮಾವನ ಬಾಯಿಯನ್ನು ಅಜ್ಜಿ ತೆಗೆದುಕೊಂಡು ಹೋಗಿದ್ದರು.”

ಆಗ ಇಂದುವಿಗೆ ಐದು ವರ್ಷ. ಬಾಗಿಲ ಹಿಂದೆ ನಿಂತು ನೋಡಿದ್ದಳಂತ ಈಗ ಗೊತ್ತಾಯಿತು.

ಆಗ ಲತಾ ದಾವಣಗೆರೆಯಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಳು. ಅವ್ವನ ಹತ್ತಿರ ಇರಬಹುದು ಅಂತಲೇ ಅರಸೀಕೆರೆಯ ಸರ್ಕಾರಿ ಕೆಲಸಕ್ಕೆ ಹಾಕಿ, ಆರ್ಡರೂ ಬಂದಿತ್ತು. ಇನ್ನು ಒಂದು ವಾರದಲ್ಲಿ ಬರುವವಳು. ಆ ಸಾಯಂಕಾಲ ಅವ್ವನಿಗೆ ಎದೆ ಹಿಡಿಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಬೇಕಾದವರಿಗೆ ಹೇಳಿ ಕಳಿಸಿ ಅಂದರು. ನಾನು ಏಳು ಗಂಟೆಗೆ ಲತಾಳಿಗೆ ಫೋನ್ ಮಾಡಿ, “ಅವ್ವಂಗೆ ಒಂಚೂರು ಗ್ಯಾಸ್ಟ್ರಿಕ್ಕು. ಗಾಬರಿ ಏನಿಲ್ಲ, ಬೆಳಗ್ಗೆ ಬಾ,” ಅಂದೆ. ಎಂಟೂವರೆಗೆ ಒಂದು ರೈಲಿತ್ತು. ನಾನು ನಿಜ ಹೇಳಿದ್ದರೆ ಹತ್ತುವವಳು. ಅವ್ವ ಬೆಳಕು ಹರಿಯುವ ಹೊತ್ತಿಗೆ ಹೋದಳು. ಸತ್ತವರನ್ನೂ ಫೋನಿನಲ್ಲಿ ಸೀರಿಯಸ್ಸು ಅಂತಲೇ ಹೇಳುವ ಜನ ನಾವು. ದಾರಿಯಲ್ಲಿ ಬರುವವರಿಗೆ ಗಾಬರಿಯಾಗದಿರಲಿ ಅಂತ. ನೆಂಟರೆಲ್ಲ ನನ್ನ ಪರ ವಹಿಸಿದರು, ಒಂಟಿ ಹೆಂಗಸು, ಕೈಯಲ್ಲಿ ಮಗು, ಇವನು ಮಾಡಿದ್ದೇ ಸರಿ ಅಂದರು. ಲತಾ ಮಾತ್ರ ಕೇಳುತ್ತಲೇ ಇದ್ದಳು. ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಕೊಡಬಹುದಿತ್ತು, ಹನ್ನೊಂದನೇ ದಿನ ಕೊಡಬಹುದಿತ್ತು. ದಿನ ಹೋದಷ್ಟೂ ಬಾಯಿ ತೆರೆಯುವುದು ಕಷ್ಟವಾಯಿತು.

ಸುಳ್ಳು ಹೇಳಿದ್ದು ನಾನೂ, ಈ ಹುಡುಗಿಯೂ. ನನ್ನ ಒಂದು ಸುಳ್ಳಿನಿಂದ ಮನೆ ಒಡೆಯಿತು, ಅವಳು ನಾಲ್ಕು ವರ್ಷ ಸುಳ್ಳು ಹೇಳಿ ಹೊಲಿದಳು.

ಕೊನೆಯ ಮೂರು ಪುಟ ಬಿಕ್ಕೋಡಿನದು. ಹಸಿರಿನಲ್ಲಿ ಲತಾ: “ಯಾರೂ ನನ್ನ ವರ್ಗ ಮಾಡಿಲ್ಲ, ನಾನೇ ಕೇಳಿ ತಗೊಂಡೆ ಅಂತ ಹೇಳು. ಮಾತಾಡದ ಗೋಡೆ ಜೊತೆ ಎಷ್ಟು ವರ್ಷ ಅಂತ ಬದುಕೋದು?”

ಪಕ್ಕದ ಕೆಂಪು ನನಗೆ ಬಾಯಿಪಾಠವಾಗಿತ್ತು. ಸರ್ಕಾರದ ಆರ್ಡರಂತೆ ಮಾವ, ಅಮ್ಮ ಅಳ್ತಿದ್ಲು.

ಮುಂದಿನ ಪುಟದ ಹಸಿರಿನಲ್ಲಿ ನಾನು. “ಹೋಗೋರನ್ನ ತಡಿಯೋಕೆ ನಾನ್ಯಾರು ಅಂತ ಹೇಳು.” ನಿಜ, ಹಾಗೇ ಹೇಳಿದ್ದೆ, ಪೇಪರ್ ಓದುತ್ತಾ, ತಲೆ ಎತ್ತದೆ. ಕೆಂಪಿನಲ್ಲಿ: “ಅಮ್ಮಾ, ಮಾವ ಹೋಗಬೇಡ ಅಂದ್ರು.”

ಕೊನೆಯ ಪುಟದಲ್ಲಿ ಲತಾ ಒಲೆಯ ಮುಂದೆ ನಿಂತಿದ್ದಾಳೆ, ಕಣ್ಣಿನಿಂದ ಎರಡು ದಪ್ಪ ಹನಿ. ಹಸಿರಿನಲ್ಲಿ: “ಹಂಗಾದ್ರೆ ಅವನೇ ಬಂದು ಹೇಳ್ಲಿ.”

ಅದರ ಪಕ್ಕದ ಕೆಂಪು ಗುಳ್ಳೆ ಖಾಲಿ. ಹುಡುಗಿ ಕಾಡಿನ ಮಧ್ಯೆ ಚೀಲ ಹೊತ್ತು ನಿಂತಿದ್ದಾಳೆ, ಈ ಕಡೆಗೂ ಹೋಗುವಂತಿಲ್ಲ, ಆ ಕಡೆಗೂ ಹೋಗುವಂತಿಲ್ಲ. ಅವಳ ಕಷ್ಟ ನನಗೆ ಅರ್ಥವಾಯಿತು. ನೀನೇ ಬಂದು ಹೇಳಬೇಕಂತೆ ಅಂತ ನನಗೆ ಹೇಳಿದರೆ, ಏನು ಹೇಳಬೇಕು ಅಂತ ನಾನು ಕೇಳುತ್ತೇನೆ. ಹೋಗಬೇಡ ಅಂದೆಯಲ್ಲ, ಅದನ್ನ, ಅಂದರೆ ನಾನೆಲ್ಲಿ ಅಂದೆ ಅನ್ನುತ್ತೇನೆ. ಅಲ್ಲಿಗೆ ಅವಳ ನಾಲ್ಕು ವರ್ಷದ ಕೆಲಸವೆಲ್ಲ ಬಯಲು. ಕೆಳಗೆ ಚಿಕ್ಕದಾಗಿ ಬರೆದಿದ್ದಳು: “ನಾನು ಬಿಕ್ಕೋಡಿಗೆ ಹೋದ ಮೇಲೆ ಮಾವನ ಮಾತನ್ನು ಯಾರು ತರುತ್ತಾರೆ?”

ಶಟರನ್ನು ಪೂರ್ತಿ ಎಳೆದೆ. ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದೆ.

ಲತಾ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಪಾತ್ರೆ ಕಟ್ಟುತ್ತಿದ್ದಳು. ಒಂದೊಂದು ಲೋಟಕ್ಕೂ ಹಾಳೆ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಡುತ್ತಿದ್ದಳು. ಹಾಳೆಗಳು ನನ್ನ ಅಂಗಡಿಯವೇ, ಕೆಟ್ಟುಹೋದ ಕಾಪಿಗಳು. ಹಿಂದಿನ ದಿನ ಇಂದುವಿನ ಕೈಲಿ ನಾನೇ ಕಳಿಸಿದ್ದೆ. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಏನೂ ಬರಲಿಲ್ಲ. ಹುಡುಗಿ ಬರೆದದ್ದು ಸುಳ್ಳೇನಲ್ಲ ಅನ್ನಿಸಿತು.

“ಲತಾ,” ಎಂದೆ ಕೊನೆಗೆ.

ಅವಳು ತಲೆ ಎತ್ತಿ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಇಂದುವನ್ನು ಹುಡುಕಿದಳು. ನನ್ನ ದನಿ ಅಷ್ಟು ವರ್ಷ ಅಲ್ಲಿಂದಲೇ ಅವಳಿಗೆ ಬಂದದ್ದು.

“ಇಂದು ಇನ್ನೂ ಸ್ಕೂಲಿಂದ ಬಂದಿಲ್ಲ,” ಎಂದಳು, ಕೈಲಿದ್ದ ಲೋಟಕ್ಕೆ ಹೇಳುವ ಹಾಗೆ.

“ಗೊತ್ತು. ನಾನೇ ಹೇಳೋಣ ಅಂತ ಬಂದೆ.” ನಿಂತು ಹೇಳಲು ಆಗಲಿಲ್ಲ. ಬಾಗಿಲಿಗೆ ಒರಗಿ ಅಲ್ಲೇ ಕೂತೆ. “ಅವತ್ತು ಡಾಕ್ಟ್ರು ಏಳು ಗಂಟೆಗೇ ಹೇಳಿದ್ರು, ಅವ್ವ ಉಳಿಯಲ್ಲ ಅಂತ. ಗೊತ್ತಿದ್ದೂ ಗ್ಯಾಸ್ಟ್ರಿಕ್ಕು ಅಂದೆ. ನಿನಗೆ ಗಾಬರಿ ಆಗ್ಬಾರ್ದು ಅಂತ ಹೇಳ್ದೆ ಅಂತ ಎಲ್ಲಾರ್ಗೂ ಹೇಳ್ಕೊಂಡು ತಿರುಗಿದೆ. ಅದಲ್ಲ. ಬಾ ಅಂತ ನಿನ್ನ ಕರೆದ್ರೆ ಅವ್ವ ಹೋಗೋದು ನಿಜ ಆಗ್ಬಿಡ್ತದೆ ಅಂತ ಭಯ ಆಯ್ತು. ಭಯ ಪಟ್ಟಿದ್ದು ನಾನು.”

ಅವಳು ಒಂದು ಲೋಟ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

“ಇಷ್ಟು ಹೇಳೋಕೆ ನಾಲ್ಕು ವರ್ಷ ಬೇಕಾಯ್ತಾ?”

“ಹೂಂ.”

“ನನ್ನ ಕೇಳಿದ್ಲಾ ಅವ್ವ?”

ಇಂದು ಆಗಿದ್ದರೆ ಇಲ್ಲಿ ಒಂದು ಒಳ್ಳೆಯ ಕೆಂಪು ಗುಳ್ಳೆ ಬರೆಯುತ್ತಿದ್ದಳು. ನನಗೂ ಆಸೆಯಾಯಿತು. ಆದರೆ ಇದ್ದದ್ದನ್ನು ಇದ್ದ ಹಾಗೇ ಕಾಪಿ ಮಾಡುವುದು ಒಂದೇ ನಾನು ಕಲಿತ ಕೆಲಸ.

“ಕೇಳಿದ್ಲು. ಎರಡು ಸಲ. ಬೆಳಗ್ಗೆ ಬರ್ತಾಳೆ ಅಂದೆ. ಹಂಗಾದ್ರೆ ಮಗೂಗೆ ಅಟ್ಟದ ಮೇಲಿರೋ ಕೊಬ್ಬರಿ ಒಡೆದು ಬೆಲ್ಲ ಹಾಕಿ ಕೊಡು ಅಂದ್ಲು. ಆಮೇಲೆ ಮಾತಾಡಲಿಲ್ಲ.”

ಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಮುಚ್ಚಿಕೊಳ್ಳಲು ಏನೂ ಇರಲಿಲ್ಲ, ಇಂದುವಿನ ಪುಸ್ತಕವನ್ನೇ ಅಡ್ಡ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಹಾಳೆ ತಿರುಗಿಸುತ್ತಾ ಹೋದ ಹಾಗೆ ಮುಖ ಬಿಗಿಯಿತು, ಆಮೇಲೆ ಸಡಿಲವಾಯಿತು, ಕಣ್ಣಿನ ಡಾಕ್ಟರ ಪುಟಕ್ಕೆ ಬಂದಾಗ ಮೂಗು ಒರೆಸಿಕೊಂಡು ನಕ್ಕಳು.

“ಹುಳಿ ಚೆನ್ನಾಗೈತೆ ಅಂತ ನಾನು ಯಾವತ್ತೂ ಅಂದಿರಲಿಲ್ಲ,” ಎಂದೆ. ತಪ್ಪೊಪ್ಪಿಗೆ ಶುರುವಾದ ಮೇಲೆ ಎಲ್ಲವನ್ನೂ ಮುಗಿಸಿಬಿಡೋಣ ಅಂತ.

“ಗೊತ್ತಿತ್ತು. ಹುಟ್ಟಿದಾಗಿಂದ ನೀನು ಯಾರ ಅಡುಗೆಗೆ ಚೆನ್ನಾಗೈತೆ ಅಂದಿದ್ದೀಯ? ಅವ್ವಂಗೇ ಅಂದಿಲ್ಲ. ಮೊದಲನೇ ದಿನಾನೇ ಗೊತ್ತಾಯ್ತು, ಇದು ಇವಳ ಕಿತಾಪತಿ ಅಂತ.”

“ಮತ್ಯಾಕೆ ಸುಮ್ಮನಿದ್ದೆ?”

“ಕೇಳೋಕೆ ಚೆನ್ನಾಗಿತ್ತು,” ಎಂದಳು. “ಆದ್ರೆ ಹೋಗಬೇಡ ಅಂದ್ರು ಅಂತ ಮೊನ್ನೆ ಅಂದಾಗ, ಇದೊಂದಾದ್ರೂ ನಿಜ ಇರ್ಬಹುದೇನೋ ಅನ್ನಿಸ್ತು. ಮೂರು ದಿನ ಕಾದೆ, ನೀನು ಬರಲಿಲ್ಲ.”

“ಹೋಗಬೇಡ ಲತಾ.”

“ಈಗ ಹೆಂಗಾಗ್ತದೆ? ಇಲ್ಲಿಂದ ರಿಲೀವ್ ಮಾಡಾಯ್ತು, ನನ್ನ ಜಾಗಕ್ಕೆ ಬೇರೆಯವ್ರು ಬಂದಾಯ್ತು. ಸೋಮವಾರ ಅಲ್ಲಿ ರಿಪೋರ್ಟ್ ಮಾಡ್ಕೊಳ್ಳದೆ ಇರೋಕಾಗಲ್ಲ.” ಇನ್ನೊಂದು ಲೋಟ ತೆಗೆದುಕೊಂಡಳು. “ನೀನೂ ಜೊತೆಗೆ ಬಂದು ಮನೆ ಜೋಡಿಸಿಕೊಟ್ಟು ಹೋಗು. ಆಮೇಲೆ ಭಾನುವಾರ ಭಾನುವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿದ್ರೆ ಮಧ್ಯಾಹ್ನ ಊಟಕ್ಕೆ ಸಿಗ್ತೀಯ.”

ಪ್ರತಿ ಭಾನುವಾರ ಬರುತ್ತೇನೆ ಅಂದೆ. ಲೋಟಗಳನ್ನು ನಾನು ಸುತ್ತತೊಡಗಿದೆ, ಅವಳು ಒಲೆ ಹಚ್ಚಿದಳು. ನಾಲ್ಕು ವರ್ಷದ್ದು ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ, ನನಗೂ ಗೊತ್ತು. ಎಷ್ಟು ಮಾತಾಡಿದರೂ ಅವಳು ನನ್ನನ್ನು ಮೊದಲು ಕರೆಯುತ್ತಿದ್ದ ಹಾಗೆ ಒಂದು ಸಲವೂ ಅಣ್ಣ ಅನ್ನಲಿಲ್ಲ. ಅದನ್ನು ಕೇಳಿ ಪಡೆಯುವ ಹಾಗಿಲ್ಲವಲ್ಲ.

ಶನಿವಾರ ಅರ್ಧ ದಿನ ಸ್ಕೂಲು. ಇಂದು ಒಂದು ಗಂಟೆಗೆ ಬಂದಳು, ಬ್ಯಾಗಿನ ಜಿಪ್ಪು ಇನ್ನೂ ತೆರೆದೇ ಇತ್ತು. ನನ್ನನ್ನು ಅಡುಗೆಮನೆಯಲ್ಲಿ ನೋಡಿ ಬಾಗಿಲಲ್ಲೇ ನಿಂತಳು. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಪುಸ್ತಕ ಯಾರ ಕೈಯಲ್ಲಿದೆ ಅಂತ ನೋಡಿದಳು. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಪ್ಪಗಾಯಿತು. ಪ್ರಪಂಚದಲ್ಲಿ ಒಬ್ಬಳಿಗೇ ಇದ್ದ ಶಕ್ತಿ ಹೋದರೆ ಯಾರಿಗಾದರೂ ಬೇಜಾರಾಗದೆ ಇರುತ್ತದೆಯೇ?

“ಐದು ಕಾಪಿ ಹಾಕ್ದಾ ಮಾವ?”

“ಎಲ್ಲೇ, ಒಂದನ್ನೂ ಪೂರ್ತಿ ಹಾಕಿಲ್ಲ. ಎಕ್ಸಿಬಿಷನ್ ಯಾವತ್ತು?”

ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ಎಕ್ಸಿಬಿಷನ್ ಇಲ್ಲ.”

“ಮತ್ತೆ ಐದು ಕಾಪಿ ಯಾ‌ರಿಗೆ?”

“ಯಾರಿಗೂ ಇಲ್ಲ. ಐದು ಅಂದ್ರೆ ನೀನು ಒಂದೊಂದು ಪೇಜೂ ಐದು ಸಲ ನೋಡ್ತೀಯಲ್ಲ, ಅದಕ್ಕೆ. ಒಂದು ಸಲ ನೋಡಿದ್ರೆ ನಿಂಗೆ ಏನೂ ಅರ್ಥ ಆಗಲ್ಲ ಮಾವ.”

“ನೋಡಬಾರದು ಅಂದ್ಯಲ್ಲೇ?”

“ನೋಡು ಅಂದಿದ್ರೆ ನೀನು ಆಮೇಲೆ ನೋಡ್ತೀನಿ ಅಂತಿದ್ದೆ.”

ಗುಂಡಿ ಒಂದು ಸಲ ಒತ್ತಿದರೆ ಐದೂ ಬರುತ್ತವೆ, ಒಂದೇ ಸಲ ನೋಡಿದರೆ ಸಾಕು ಅಂತ ಅವಳಿಗೆ ಹೇಳಲಿಲ್ಲ. ನಾಲ್ಕು ವರ್ಷದಲ್ಲಿ ತಂಗಿಯ ಒಂದೇ ಒಂದು ಮಾತು, ಅವನೇ ಬಂದು ಹೇಳ್ಲಿ ಅನ್ನುವುದು, ಹೇಳಿದ್ದು ಹೇಳಿದ ಹಾಗೆ ನನ್ನ ತನಕ ಬಂದಿತ್ತು. ಅದನ್ನು ಬಾಯಲ್ಲಿ ತರಲಾಗದೆ ಹುಡುಗಿ ಮೂವತ್ತೆರಡು ಪುಟ ಬರೆದು ತಂದಿದ್ದಳು. ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಕೊಸರಿಕೊಂಡು ಎದ್ದು ಬ್ಯಾಗಿನಿಂದ ಪೆನ್ಸಿಲ್ ತೆಗೆದಳು. ಕಥೆಯ ಕೊನೆ ಬಾಕಿ ಇದೆಯಂತೆ. ಮೂವತ್ತಮೂರನೇ ಪುಟ ಬಿಚ್ಚಿ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಬಾಯಿ ತೆಗಿ ಮಾವ. ಇನ್ನೂ ದೊಡ್ಡದಾಗಿ. ಹಂಗೇ ಇರು, ಅಲ್ಲಾಡಬೇಡ. ಒಂದು ಹಲ್ಲು ಇಲ್ವಲ್ಲ, ಅದನ್ನೂ ಹಾಕ್ಲಾ?”

ನಾನು ಬಾಯಿ ತೆರೆದುಕೊಂಡು ಕೂತೆ. ಒಲೆಯ ಮುಂದಿನಿಂದ ಲತಾ ಅಭ್ಯಾಸಬಲದಿಂದ ಹೇಳಿದಳು, “ಇಂದೂ, ಊಟ ಆರ್ತಾ ಐತೆ, ನಿಮ್ಮಾವಂಗೆ ಹೇಳು.”

ಇಂದು ಪುಸ್ತಕದಿಂದ ತಲೆ ಎತ್ತಲಿಲ್ಲ. “ಇಲ್ಲೇ ಕೂತವ್ರಲ್ಲಮ್ಮ. ನೀನೇ ಹೇಳು. ನಂಗೆ ಕೆಲಸ ಐತೆ.”

ಸೌಟು ಕೆಳಗಿಟ್ಟ ಸದ್ದಾಯಿತು.

“ಅಣ್ಣಾ,” ಎಂದಳು ಲತಾ, “ಊಟಕ್ಕೆ ಏಳು.”

ಬರುತ್ತೇನೆ ಅಂತ ಹೇಳಬೇಕಿತ್ತು. ಹಲ್ಲು ಬರೆಯುವುದು ಮುಗಿಯುವ ತನಕ ಬಾಯಿ ಮುಚ್ಚಬೇಡ ಅಂತ ಹುಡುಗಿ ಗದರಿಸಿದಳು. ಹಾಗೇ ಕೂತು ಕೈ ಮಾತ್ರ ಎತ್ತಿದೆ.